ಆಲಿಸುವವರ ಮನಸ್ಸು

ನೊಂದವರ ಮಾತನ್ನು ಆಲಿಸುವ ಆಪ್ತಸಮಾಲೋಚಕರು ತಮ್ಮ ಮನೆ, ಮತ, ನುಡಿಗಳ ಸಂಸ್ಕಾರವನ್ನು ಬಾಗಿಲಾಚೆ ಬಿಟ್ಟು ಬರಲಾರರು. ಚಿಕಿತ್ಸಕನು ತನ್ನ ಮನಸ್ಸಿನ ಪ್ರತಿಕ್ರಿಯೆಗಳನ್ನು ಗುರುತಿಸಿಕೊಳ್ಳಬೇಕೆಂದು ವಿಯೆನ್ನಾದ ವೈದ್ಯ ಫ್ರಾಯ್ಡರು 1910ರಲ್ಲಿಯೇ ಹೇಳಿದರು.

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ನಮ್ಮ ಸೀಮೆಗೆ ಈ ಮಾತು ಬಹಳ ಸಲ್ಲುವುದು. ಜಿಲ್ಲೆಯ ಸಿದ್ದಿ ಜನರಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತರೆಂಬ ಮೂರು ಮತದವರುಂಟು. ಅನೇಕರ ಮನೆಮಾತು ಕೊಂಕಣಿಯ ಒಂದು ಬಗೆ. ಮುಂಡಗೋಡದಲ್ಲಿ 1966ರಿಂದ ಟಿಬೆಟಿನ ನಿರಾಶ್ರಿತರು ನೆಲೆಸಿರುವರು. ಇಂಥಲ್ಲಿ ಹುಡುಗಿಯೊಬ್ಬಳು ತಲೆತಗ್ಗಿಸಿ ಮೌನವಾಗಿದ್ದರೆ ಪರಸ್ಥಳದವರು ಅದನ್ನು ಹಟವೆಂದೆಣಿಸಬಹುದು. ಅದು ಮರ್ಯಾದೆಯೋ ಭಯವೋ ಆಗಿರಬಹುದು. ಸ್ವಜನರಾದರೋ ಎಲ್ಲವೂ ತಿಳಿದಿದೆಯೆಂದು ಕೇಳದೆಯೇ ಬಿಡಬಹುದು. ಗುಟ್ಟು ನೆಂಟರಿಗೆ ಮುಟ್ಟೀತೆಂದು ಹುಡುಗಿಯೂ ಬಾಯಿಬಿಡಲಾರಳು.

ಆದುದರಿಂದ ತಾಯ್ತಂದೆಗಳಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಾವು ಬಿನ್ನವಿಸುವುದಿಷ್ಟೇ: ಸಮಾಲೋಚಕರು ಯಾವ ಕುಲದವರೆಂದು ವಿಚಾರಿಸುವುದಕ್ಕಿಂತ, ಅರಿಯದುದನ್ನು ಕೇಳಿ ತಿಳಿಯುವರೋ, ಕೇಳಿದುದನ್ನು ಗುಟ್ಟಾಗಿಡುವರೋ ಎಂಬುದನ್ನು ನೋಡಿರಿ.