ಮುಚ್ಚಳ ಬಿಗಿ, ಆದರೂ ಜಿನುಗು

ಬೈಕಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ರಬ್ಬರ್ ಹಾಳಾದರೆ ಸವಾರನಿಗೆ ತಿಂಗಳುಗಟ್ಟಲೆ ಗೊತ್ತೇ ಆಗದಿರಬಹುದು. ಮುಚ್ಚಳ ಸದಾ ಮೇಲಿರುತ್ತದೆ, ಪೆಟ್ರೋಲ್ ಕೆಳಗಿರುತ್ತದೆ. ಮರ ಕೊಯ್ಯುವ ಮೆಷಿನಿನ ಪಾಡು ಬೇರೆ. ಬುಡ ಕೊಯ್ಯುವಾಗ ಅದನ್ನು ಅಡ್ಡ ಮಲಗಿಸಬೇಕು, ಗೆಲ್ಲು ಸವರುವಾಗ ಮೂತಿ ಎತ್ತಬೇಕು, ಬಿದ್ದ ಮರವನ್ನು ಅಡಿಯಿಂದ ಕೊಯ್ಯುವಾಗ ಇನ್ನೊಂದು ಭಂಗಿ. ಯಾವ ಭಂಗಿಯಲ್ಲೂ ಎಂಜಿನ್ ನಿಲ್ಲಬಾರದೆಂದೇ ಇದರ ಕಾರ್ಬ್ಯುರೇಟರಿನಲ್ಲಿ ತೇಲುಬುರುಡೆಯ ಬದಲು ತೆಳ್ಳನೆಯ ಪೊರೆ ಇದೆ. ಟ್ಯಾಂಕಿನೊಳಗೆ ಬಳುಕುವ ಪೈಪು, ಅದರ ತುದಿಯಲ್ಲಿ ಭಾರದ ಫಿಲ್ಟರ್. ಮೆಷಿನ್ ಯಾವ ಕಡೆ ವಾಲಿದರೂ ಫಿಲ್ಟರ್ ಆ ಕಡೆಗೇ ಬಿದ್ದು ಪೆಟ್ರೋಲ್ ಹೀರುತ್ತದೆ. ಹೀಗಾಗಿ ದಿನಕ್ಕೆ ನೂರಾರು ಸಲ ಪೆಟ್ರೋಲ್ ನೇರವಾಗಿ ಮುಚ್ಚಳದ ಮೇಲೇ ಬಂದು ನಿಲ್ಲುತ್ತದೆ. ಅದನ್ನು ತಡೆಯುವುದು ಬಳೆಯಾಕಾರದ ಒಂದು ಸಣ್ಣ ರಬ್ಬರ್, ಮೆಕ್ಯಾನಿಕ್‌ಗಳ ಮಾತಿನಲ್ಲಿ ಓರಿಂಗ್.

ದಕ್ಷಿಣ ಕನ್ನಡದ ಕಾಣಿಯೂರು, ಸವಣೂರು, ಬೆಳಂದೂರು, ಎಡಮಂಗಲದ ಕಡೆ ಈ ಮೆಷಿನ್ ಈಗ ಹಾರೆ ಪಿಕ್ಕಾಸಿನಷ್ಟೇ ಸಾಮಾನ್ಯ. ಗಾಳಿಮಳೆಗೆ ತೋಟದೊಳಗೆ ಮರ ಬಿದ್ದರೆ, ಸತ್ತ ಅಡಿಕೆ ಮರ ತೆಗೆಯಬೇಕಾದರೆ, ಹಳೆ ರಬ್ಬರ್ ಕಡಿದು ಹೊಸ ಗಿಡ ನೆಡಬೇಕಾದರೆ ಇದೇ ಬೇಕು. ಮಳೆ ಬಿಟ್ಟು ಕೆಲಸ ಸುರುವಾದ ವಾರದಲ್ಲೇ ರಿಪೇರಿ ಅಂಗಡಿಗಳಲ್ಲಿ ಒಂದು ದೂರು ಕೇಳುತ್ತದೆ: "ಎಷ್ಟು ಟೈಟ್ ಮಾಡಿದ್ರೂ ಜಿನುಗ್ತದೆ ಮಾರಾಯ್ರೆ." ಆ ಮಾತಿನಲ್ಲೇ ಅರ್ಧ ಕಾಯಿಲೆ ಇದೆ. ಮುಚ್ಚಳ ಸೋರಿಕೆ ತಡೆಯುವುದು ಬಿಗಿಯಿಂದಲ್ಲ, ರಬ್ಬರಿನ ಪುಟಿತದಿಂದ.

ಓರಿಂಗಿನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದು ಒಂದು ತೋಡಿನಲ್ಲಿ ಕುಳಿತಿರುತ್ತದೆ. ಮುಚ್ಚಳ ಹಾಕಿದಾಗ ಅದರ ದಪ್ಪದಲ್ಲಿ ಸುಮಾರು ಐದನೇ ಒಂದು ಭಾಗದಷ್ಟು ಮಾತ್ರ ಅಪ್ಪಚ್ಚಿಯಾಗಬೇಕು. ಒತ್ತಿಸಿಕೊಂಡ ರಬ್ಬರ್ ಮೊದಲಿನ ಆಕಾರಕ್ಕೆ ಬರಲು ಹವಣಿಸುತ್ತಾ ಎರಡೂ ಕಡೆಯ ಗೋಡೆಯನ್ನು ತಳ್ಳುತ್ತದೆ. ಆ ತಳ್ಳುವಿಕೆಯೇ ತಡೆ. ಒಳಗಿನ ಒತ್ತಡ ಹೆಚ್ಚಿದರೆ ದ್ರವ ರಿಂಗನ್ನು ಸಂದಿಯ ಕಡೆಗೇ ನೂಕುವುದರಿಂದ ತಡೆ ಇನ್ನಷ್ಟು ಗಟ್ಟಿಯಾಗುತ್ತದೆ. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನೀಲ್ಸ್ ಕ್ರಿಸ್ಟೆನ್ಸೆನ್ ಎಂಬ ಎಂಜಿನಿಯರ್ ಈ ಸರಳ ಉಪಾಯಕ್ಕೆ 1937ರಲ್ಲಿ ಪೇಟೆಂಟ್ ಕೇಳಿದಾಗ ಆತನ ವಯಸ್ಸು 72. ಪೇಟೆಂಟ್ ಸಿಕ್ಕಿದ್ದು 1939ರಲ್ಲಿ. ಇವತ್ತು ಪಂಪು, ನಲ್ಲಿ, ವಿಮಾನ ಎಲ್ಲದರಲ್ಲೂ ಅದು ಇದೆ.

ಮುಚ್ಚಳವನ್ನು ಸ್ಪ್ಯಾನರ್ ಹಾಕಿ ಜಗ್ಗಿ ತಿರುಗಿಸಿದರೆ ಏನಾಗುತ್ತದೆ? ರಿಂಗ್ ಲೆಕ್ಕ ಮೀರಿ ಚಪ್ಪಟೆಯಾಗುತ್ತದೆ. ಕೆಲವು ವಾರ ಹಾಗೇ ಇದ್ದರೆ ಪುಟಿತ ಕಳೆದುಕೊಂಡು ಚಪ್ಪಟೆಯಾಗಿಯೇ ಉಳಿಯುತ್ತದೆ. ಆಮೇಲೆ ಅದು ಗೋಡೆಯನ್ನು ತಳ್ಳುವುದಿಲ್ಲ. ಜಿನುಗು ಸುರುವಾಗುತ್ತದೆ, ಇನ್ನಷ್ಟು ಬಿಗಿ ಮಾಡುತ್ತೇವೆ, ಇನ್ನಷ್ಟು ಚಪ್ಪಟೆಯಾಗುತ್ತದೆ. ಹಳೆಯ ರಿಂಗನ್ನು ತೋಡಿನಿಂದ ಬಿಡಿಸಿ ಬೆರಳ ತುದಿಯಲ್ಲಿ ಉರುಳಿಸಿ ನೋಡಿ. ಒಳ್ಳೆಯದಾದರೆ ಎಲ್ಲ ಕಡೆ ದುಂಡಗೆ ಸಿಗುತ್ತದೆ. ಹೋದದ್ದಾದರೆ ಮೇಲೂ ಕೆಳಗೂ ಸಮತಟ್ಟಾಗಿ ಅಂಚು ಕೈಗೆ ತಾಗುತ್ತದೆ. ಉಗುರಿನಿಂದ ಒತ್ತಿದರೆ ಗುರುತು ಹಾಗೇ ನಿಲ್ಲುತ್ತದೆ, ಮಡಚಿದರೆ ಹೊರಮೈಯಲ್ಲಿ ಸಣ್ಣ ಬಿರುಕುಗಳು ಬಾಯಿ ಬಿಡುತ್ತವೆ.

ಇಲ್ಲೊಂದು ತಮಾಷೆ ಇದೆ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳು ರಬ್ಬರಿನ ಸೀಮೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ಹಲವು ತಮಿಳು ಕುಟುಂಬಗಳಿಗೆ ಇಲ್ಲಿನ ಸರಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಖಾಸಗಿ ಗುಡ್ಡಗಳಲ್ಲೂ ರಬ್ಬರ್ ಹಬ್ಬಿದೆ. ಏಳನೇ ವರ್ಷದ ಸುಮಾರಿಗೆ ಟ್ಯಾಪಿಂಗ್ ಸುರು, ಇಪ್ಪತ್ತೈದು ಮೂವತ್ತು ವರ್ಷಕ್ಕೆ ಹಾಲು ಇಳಿಮುಖವಾಗಿ ಮರ ಮೆಷಿನಿನ ಬಾಯಿಗೆ. ಆದರೆ ಆ ಮೆಷಿನಿನ ಮುಚ್ಚಳದಲ್ಲಿರುವ ರಬ್ಬರ್ ಈ ಮರದ್ದಲ್ಲ, ಆಗಿರಲೂಬಾರದು.

ಕಾರಣ ಬೇಕಾದರೆ ಹೊಗೆಗೂಡಿನಲ್ಲಿ ಒಣಗಿದ ರಬ್ಬರ್ ಶೀಟಿನ ಉಗುರಗಲದ ತುಂಡೊಂದನ್ನು ಸಣ್ಣ ಗಾಜಿನ ಬಾಟಲಿಗೆ ಹಾಕಿ, ಮುಳುಗುವಷ್ಟು ಪೆಟ್ರೋಲ್ ಹೊಯ್ದು, ಮುಚ್ಚಿ, ಬೆಂಕಿಯಿಂದ ದೂರ ಹೊರಗಿಡಿ. ಮಾರನೇ ದಿನ ನೋಡಿದರೆ ತುಂಡು ಉಬ್ಬಿ ಲೊಳೆಲೊಳೆಯಾಗಿರುತ್ತದೆ. ಇನ್ನಷ್ಟು ದಿನ ಬಿಟ್ಟರೆ ಅಂಟಾಗಿ ಕರಗುತ್ತಾ ಹೋಗುತ್ತದೆ. ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಎಂದರೆ ಹೆಚ್ಚುಕಡಿಮೆ ಇದೇ. ಮರದ ರಬ್ಬರ್ ಬರೀ ಇಂಗಾಲ ಮತ್ತು ಜಲಜನಕದ ಉದ್ದುದ್ದ ಸರಪಳಿ. ಪೆಟ್ರೋಲೂ ಅದೇ ಎರಡು ಮೂಲವಸ್ತುಗಳ ಗಿಡ್ಡ ಸರಪಳಿ. ಒಂದೇ ಕುಲದವಾದ್ದರಿಂದ ಒಂದರೊಳಗೆ ಒಂದು ಸರಾಗ ನುಗ್ಗುತ್ತದೆ. ಗಂಧಕ ಸೇರಿಸಿ ಬೇಯಿಸಿದ ರಬ್ಬರಿನಲ್ಲಿ ಸರಪಳಿಗಳ ನಡುವೆ ಬೆಸುಗೆ ಬೀಳುವುದರಿಂದ ಅದು ಕರಗುವುದಿಲ್ಲ, ಆದರೆ ಉಬ್ಬುವುದು ತಪ್ಪುವುದಿಲ್ಲ. ಗಾತ್ರ ಇಮ್ಮಡಿಯಾದರೂ ಆಶ್ಚರ್ಯವಿಲ್ಲ.

1930ರ ದಶಕದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರು ಇದಕ್ಕೆ ಮದ್ದು ಹುಡುಕಿದರು. ಸರಪಳಿಯಲ್ಲಿ ಅಲ್ಲಲ್ಲಿ ಸಾರಜನಕ ಇರುವ ತುಣುಕು ಸೇರಿಸಿದರು. ಆ ತುಣುಕಿನ ಒಂದು ತುದಿ ತುಸು ಧನ, ಇನ್ನೊಂದು ತುದಿ ತುಸು ಋಣ. ಇಂಥ ವಿದ್ಯುತ್ ಗುಣ ಪೆಟ್ರೋಲಿಗೆ ಒಗ್ಗುವುದಿಲ್ಲ, ಹಾಗಾಗಿ ಅದು ಒಳಗೆ ನುಗ್ಗುವುದು ಕಡಿಮೆ. ಇದೇ ನೈಟ್ರೈಲ್ ರಬ್ಬರ್. ಮೆಷಿನಿನ ಜತೆ ಬರುವ ಕಪ್ಪು ಓರಿಂಗ್ ಸಾಮಾನ್ಯವಾಗಿ ಈ ಜಾತಿಯದು. ಅದು ಹಾಳಾದಾಗ ಹಳೆ ಸೈಕಲ್ ಟ್ಯೂಬನ್ನು ದುಂಡಗೆ ಕತ್ತರಿಸಿ ಹಾಕುವುದುಂಟು, ನಲ್ಲಿಯ ವಾಷರ್ ಹಾಕುವುದುಂಟು. ಮೊದಲ ದಿನ ಭೇಷಾಗಿ ಕೂರುತ್ತದೆ. ಎರಡು ಮೂರು ದಿನದಲ್ಲಿ ಉಬ್ಬಿ, ತೋಡಿನಿಂದ ಹೊರಬಂದು, ಮುಚ್ಚಳದ ಹಲ್ಲಿಗೆ ಸಿಕ್ಕಿ ಹರಿಯುತ್ತದೆ. ಚೈನಿಗೆ ಆಯಿಲ್ ಒದಗಿಸುವ ಇನ್ನೊಂದು ಟ್ಯಾಂಕಿನಲ್ಲೂ ಇದೇ ಕತೆ, ಸ್ವಲ್ಪ ನಿಧಾನ ಅಷ್ಟೆ.

ಈಚೆಗೆ ಇದರ ನಡುವೆ ಎಥೆನಾಲ್ ಬಂದಿದೆ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲನ್ನು ಪ್ರಧಾನಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ್ದು 2023ರ ಫೆಬ್ರವರಿ 6ರಂದು. ಈಗ ಬಂಕುಗಳಲ್ಲಿ ಅದೇ ಸಾಮಾನ್ಯ. ಎಥೆನಾಲಿಗೂ ಧನ-ಋಣದ ಗುಣ ಇದೆ. ಪೆಟ್ರೋಲನ್ನು ದೂರ ಇಡಲೆಂದು ರಬ್ಬರಿನಲ್ಲಿ ಸೇರಿಸಿದ ತುಣುಕೇ ಎಥೆನಾಲಿಗೆ ಬಾಗಿಲು ತೆರೆಯುತ್ತದೆ! ನೈಟ್ರೈಲ್ ರಿಂಗ್ ತುಸು ಉಬ್ಬುತ್ತದೆ, ರಬ್ಬರನ್ನು ಮೆತ್ತಗಿಡಲು ಕಾರ್ಖಾನೆಯಲ್ಲಿ ಬೆರೆಸಿದ್ದ ಎಣ್ಣೆಯಂಥ ವಸ್ತು ಸ್ವಲ್ಪಸ್ವಲ್ಪವೇ ಪೆಟ್ರೋಲಿಗೆ ಇಳಿಯುತ್ತದೆ. ಟ್ಯಾಂಕು ತುಂಬಿರುವಷ್ಟು ದಿನ ಈ ನಷ್ಟ ಕಾಣುವುದಿಲ್ಲ, ಉಬ್ಬಿದ ರಿಂಗ್ ಸಂದಿ ತುಂಬಿಯೇ ಇರುತ್ತದೆ. ಜೂನ್‌ನಲ್ಲಿ ಮೆಷಿನ್ ಅಟ್ಟ ಸೇರಿದ ಮೇಲೆ ಪೆಟ್ರೋಲೂ ಎಥೆನಾಲೂ ಆರುತ್ತವೆ, ರಿಂಗ್ ಕುಗ್ಗಿ ಗಡುಸಾಗುತ್ತದೆ. ಅಕ್ಟೋಬರಿನಲ್ಲಿ ಹೊಸ ಪೆಟ್ರೋಲ್ ಹೊಯ್ದ ದಿನ ಸೋರಿಕೆ. ಮಳೆಗಾಲ ಕಳೆದ ಮೇಲೆ ದೂರು ಹೆಚ್ಚಲು ಇದೊಂದು ದೊಡ್ಡ ಕಾರಣ. ಹಾಗೆಂದು ಪೆಟ್ರೋಲ್ ತುಂಬಿಟ್ಟೇ ಮಳೆಗಾಲ ಕಳೆಯುವುದು ಜಾಣತನವಲ್ಲ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ವರ್ಷಕ್ಕೆ ಸುಮಾರು 4 ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಗಾಳಿಯ ತೇವಕ್ಕೆ ಬರವಿಲ್ಲ. ನೀರು ಹೆಚ್ಚಾದರೆ ಎಥೆನಾಲ್ ಅದರೊಂದಿಗೆ ತಳಕ್ಕಿಳಿದು ಕಾರ್ಬ್ಯುರೇಟರ್ ಕೆಡಿಸುತ್ತದೆ. ಟ್ಯಾಂಕು ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುವುದೇ ಲೇಸು. ಕಾರ್ಬ್ಯುರೇಟರಿಗೆ ಹೋಲಿಸಿದರೆ ರಿಂಗಿನ ಬೆಲೆ ಏನೂ ಅಲ್ಲ.

ಇಷ್ಟೆಲ್ಲ ಆದರೂ ಮುಚ್ಚಳವೇ ಕಳ್ಳ ಎಂದು ತೀರ್ಮಾನಿಸುವ ಮೊದಲು ಒಂದು ಪರೀಕ್ಷೆ ಬೇಕು. ತಣ್ಣಗಾದ ಮೆಷಿನನ್ನು ಒಣ ಬಟ್ಟೆಯಿಂದ ಪೂರಾ ಒರೆಸಿ. ಎರಡೂ ಟ್ಯಾಂಕು ಅರ್ಧ ತುಂಬಿರಲಿ. ಹಳೆ ಪೇಪರ್ ಹಾಸಿ ಮುಚ್ಚಳಗಳು ಮೇಲೆ ಬರುವಂತೆ ಅರ್ಧ ಗಂಟೆ ಮಲಗಿಸಿ, ಆಮೇಲೆ ಮುಚ್ಚಳಗಳು ಕೆಳಗೆ ಬರುವಂತೆ ಅರ್ಧ ಗಂಟೆ. ಮುಚ್ಚಳ ಕೆಳಗಿದ್ದಾಗ ಮಾತ್ರ ಕಲೆ ಬಿದ್ದರೆ ದೋಷ ಮುಚ್ಚಳದ್ದು ಅಥವಾ ಟ್ಯಾಂಕಿನ ಬಾಯಿಯದು. ಮುಚ್ಚಳ ಮೇಲಿದ್ದಾಗಲೂ ಬಿದ್ದರೆ ಪೆಟ್ರೋಲ್ ಪೈಪು ಟ್ಯಾಂಕಿನಿಂದ ಹೊರಬರುವ ಜಾಗ, ಕಾರ್ಬ್ಯುರೇಟರ್, ಆಯಿಲ್ ಪಂಪು ಇವನ್ನು ನೋಡಬೇಕು. ಕಲೆ ಯಾವುದರದು ಎಂದೂ ಪೇಪರೇ ಹೇಳುತ್ತದೆ. ಪೆಟ್ರೋಲಿನ ಕಲೆ ಕೆಲವೇ ನಿಮಿಷದಲ್ಲಿ ಆರಿ, ಅದಕ್ಕೆ ಬೆರೆಸಿದ ಟೂ-ಟಿ ಆಯಿಲಿನ ತೆಳು ಬಣ್ಣದ ಗೆರೆ ಮಾತ್ರ ಉಳಿಯುತ್ತದೆ. ಚೈನ್ ಆಯಿಲಿನ ಕಲೆ ಆರುವುದಿಲ್ಲ, ಗಂಟೆ ಕಳೆದಷ್ಟೂ ಅಗಲವಾಗುತ್ತದೆ.

ಚೈನ್ ಆಯಿಲಿನ ವಿಷಯದಲ್ಲಂತೂ ಮುಚ್ಚಳ ಬಹಳ ಸಲ ನಿರಪರಾಧಿ. ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತದೆ, ಪಂಪು ಕಳಿಸಿದ ಆಯಿಲ್ ಚೈನು ಸುತ್ತುವ ಬಾರಿನ ತೋಡಿನಲ್ಲಿ ಹರಿದು ಮರದ ಹೊಡಿಯ ಜತೆ ಹೊರಗೆ ಹೋಗುತ್ತದೆ. ವಾಪಸ್ ಬರುವ ದಾರಿಯೇ ಇಲ್ಲ. ಕೆಲಸ ಮುಗಿಸಿ ಮೆಷಿನ್ ಇಟ್ಟಾಗ ಬಾರಿನಲ್ಲಿ ಉಳಿದದ್ದು ನಿಧಾನಕ್ಕೆ ಇಳಿದು ನೆಲದಲ್ಲಿ ಸಣ್ಣ ಕೆರೆಯಾಗುವುದು ಸಹಜ. ಖರ್ಚು ಉಳಿಸಲು ಗ್ಯಾರೇಜಿನ ಕರಿ ಆಯಿಲ್ ಹಾಕುವವರಿದ್ದಾರೆ. ಅದು ತೆಳ್ಳಗೆ, ಚೈನಿಗೆ ಅಂಟಿ ನಿಲ್ಲದೆ ಬೇಗ ಇಳಿಯುತ್ತದೆ. ಅದರಲ್ಲಿರುವ ಲೋಹದ ಕಣಗಳು ಪಂಪನ್ನು ಸವೆಸುತ್ತವೆ, ಚರ್ಮಕ್ಕೂ ಅದು ಒಳ್ಳೆಯದಲ್ಲ.

ಮುಚ್ಚಳದ ಲೆಕ್ಕಕ್ಕೆ ಸೇರುವ ಇನ್ನೊಬ್ಬ ಆರೋಪಿ ಗಾಳಿ. ಟ್ಯಾಂಕಿನಿಂದ ಪೆಟ್ರೋಲ್ ಖಾಲಿಯಾದಂತೆ ಆ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೊಂದು ಬ್ರೀದರ್ ಇದೆ: ಗಾಳಿಯನ್ನು ಒಳಗೆ ಬಿಡುವ, ಪೆಟ್ರೋಲನ್ನು ಹೊರಗೆ ಬಿಡದ ಸಣ್ಣ ವಾಲ್ವು. ಕೆಲವು ಮಾದರಿಗಳಲ್ಲಿ ಅದು ಮುಚ್ಚಳದಲ್ಲೇ ಇರುತ್ತದೆ. ಅಂಥ ಮುಚ್ಚಳದ ನಡುವಿನಿಂದ ಹನಿ ಬರುತ್ತಿದ್ದರೆ ರಿಂಗ್ ಬದಲಿಸಿ ಪ್ರಯೋಜನವಿಲ್ಲ, ವಾಲ್ವೇ ಹೋಗಿದೆ. ಬ್ರೀದರಿಗೆ ಮರದ ಹೊಡಿ ಕಟ್ಟಿಕೊಂಡರೆ ಎಂಜಿನ್ ಕೆಲವು ನಿಮಿಷ ಓಡಿ ಸೊರಗಿ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದರೆ ಗಾಳಿ ಸೆಳೆದುಕೊಳ್ಳುವ ಸದ್ದು, ಮೆಷಿನ್ ಮತ್ತೆ ಜೀವಂತ. ಇದನ್ನು ಕಂಡ ಕೆಲವರು ಮುಚ್ಚಳವನ್ನು ಸಡಿಲ ಬಿಟ್ಟೇ ಕೆಲಸ ಮಾಡುತ್ತಾರೆ. ಅದು ಬಹಳ ಅಪಾಯ. ಆಯಿಲ್ ಟ್ಯಾಂಕಿಗೂ ಗಾಳಿದಾರಿ ಇದೆ. ಅದು ಕಟ್ಟಿದರೆ ಚೈನಿಗೆ ಆಯಿಲ್ ಸಿಗದೆ ಬಾರ್ ಕಾದು ನೀಲಿಗಟ್ಟುತ್ತದೆ.

ಮುಚ್ಚಳಗಳಲ್ಲಿ ಎರಡು ಬಗೆ. ಒಂದು, ತಿರುಪಿನ ಮರೆ ಇರುವ ಹಳೆ ಮಾದರಿ. ಇದನ್ನು ಮೊದಲು ಎಡಕ್ಕೆ ತುಸು ತಿರುಗಿಸಿ ಮರೆ ಸರಿಯಾಗಿ ಕೂತದ್ದು ಕೈಗೆ ಗೊತ್ತಾದ ಮೇಲೆ ಬಲಕ್ಕೆ ತಿರುಗಿಸಿದರೆ ಅಡ್ಡ ಹತ್ತುವುದಿಲ್ಲ. ಇನ್ನೊಂದು, ಹಿಡಿಕೆ ಎತ್ತಿ ಕಾಲು ಸುತ್ತು ತಿರುಗಿಸುವ ಹೊಸ ಮಾದರಿ. ಇದರಲ್ಲಿ ಮೇಲಿನ ಭಾಗ, ಕೆಳಗಿನ ಭಾಗ ಎಂದು ಎರಡಿದ್ದು, ತೆಗೆದಿಟ್ಟಾಗ ಒಂದಕ್ಕೊಂದು ಜಾರಿ ನೇರ ತಪ್ಪುವುದುಂಟು. ಆಗ ಮುಚ್ಚಳ ಕೂತಂತೆ ಕಾಣುತ್ತದೆ, ಹಿಡಿಕೆಯೂ ಮಡಚಿಕೊಳ್ಳುತ್ತದೆ, ಆದರೆ ಬೀಗ ಬಿದ್ದಿರುವುದಿಲ್ಲ. ಒರೆಸಿ ಬಾಯಿಯ ಮೇಲಿಟ್ಟು ಎಡಕ್ಕೆ ತಿರುಗಿಸುತ್ತಾ ಹೋಗಿ. ಒಂದು ಕಡೆ ತಾನಾಗಿ ಕೆಳಗಿಳಿಯುತ್ತದೆ. ಅಲ್ಲಿಂದ ಇನ್ನೂ ಕಾಲು ಸುತ್ತು ಎಡಕ್ಕೆ ತಿರುಗಿಸಿದರೆ ಕೆಳಭಾಗ ತನ್ನ ಜಾಗಕ್ಕೆ ಬರುತ್ತದೆ. ಆಮೇಲೆ ಬಲಕ್ಕೆ ತಿರುಗಿಸಿ ಮುಚ್ಚಿ, ಎಳೆದು ನೋಡಿ. "ಹೊಸ ಮೆಷಿನ್, ಆಗಲೇ ಸೋರ್ತದೆ" ಎಂಬ ಎಷ್ಟೋ ದೂರು ಇಲ್ಲಿಗೆ ಮುಗಿಯುತ್ತದೆ. ಎರಡೂ ಬಗೆಯಲ್ಲಿ, ತೆರೆಯುವ ಮೊದಲು ಸುತ್ತಲಿನ ಮರದ ಹೊಡಿ ಒರೆಸಬೇಕು. ರಿಂಗಿಗೂ ಬಾಯಿಗೂ ನಡುವೆ ಒಂದೇ ಒಂದು ಚಕ್ಕೆ ಸಿಕ್ಕಿದರೂ ಪೆಟ್ರೋಲಿಗೆ ದಾರಿ ಸಾಕು. ಮೆಷಿನ್ ಯಾವಾಗಲಾದರೂ ಕಲ್ಲಿನ ಮೇಲೆ ಬಿದ್ದಿದ್ದರೆ ಬಾಯಿಯ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಬಿರುಕಿದ್ದರೆ ಎಂಥ ರಿಂಗೂ ತಡೆಯದು.

ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಸೈಲೆನ್ಸರ್ ಅಲ್ಲೇ ಒಂದು ಗೇಣು ದೂರದಲ್ಲಿ ಕೆಂಡದಂತೆ ಕಾದಿರುತ್ತದೆ. ಮಾರ್ಚ್ ಏಪ್ರಿಲಿನ ಬಿಸಿಲಲ್ಲಿ ಓಡಿದ ಮೆಷಿನಿನ ಟ್ಯಾಂಕಿನಲ್ಲಿ ಆವಿಯ ಒತ್ತಡ ಸೇರಿರುತ್ತದೆ. ಗಡಿಬಿಡಿಯಲ್ಲಿ ಮುಚ್ಚಳ ತೆಗೆದರೆ ಪೆಟ್ರೋಲ್ ಮುಖಕ್ಕೆ ಚಿಮ್ಮಬಹುದು. ಎಂಜಿನ್ ಆರಲು ಬಿಟ್ಟು, ನಿಧಾನಕ್ಕೆ ಸಡಿಲಿಸಿ, ಬುಸ್ಸೆಂಬ ಸದ್ದು ನಿಂತ ಮೇಲೆ ತೆರೆಯಬೇಕು. ಪೆಟ್ರೋಲ್ ಹೊಯ್ದ ಜಾಗದಿಂದ ಹತ್ತು ಅಡಿ ಆಚೆ ಹೋಗಿ ಸ್ಟಾರ್ಟ್ ಮಾಡಬೇಕು.

ಕೊನೆಗೆ ಅಂಗಡಿಯ ವಿಷಯ. ರಿಂಗ್ ಬದಲಿಸಬೇಕೆಂದು ನಿರ್ಧಾರವಾದರೆ ನಾವು ಹಳೆಯದನ್ನೇ ಕಿಸೆಗೆ ಹಾಕಿಕೊಂಡು ಹೋಗಿ "ಇದೇ ಅಳತೆಯದು ಕೊಡಿ" ಎನ್ನುತ್ತೇವೆ. ಆದರೆ ಅದು ಪೆಟ್ರೋಲ್ ಕುಡಿದು ಉಬ್ಬಿದ್ದು, ಇಲ್ಲವೇ ಒಣಗಿ ಕುಗ್ಗಿದ್ದು. ಅದಕ್ಕೆ ಸರಿಹೊಂದುವ ಹೊಸ ರಿಂಗ್ ಎಂದರೆ ತೋಡಿಗೆ ಹೊಂದದ ರಿಂಗ್. ಮೆಷಿನಿನ ಮಾಡೆಲ್ ನಂಬರ್ ಬರೆದುಕೊಂಡು ಹೋಗಿ, ಪೆಟ್ರೋಲಿಗೊಂದು ಆಯಿಲಿಗೊಂದು ಕೇಳಿ. ಬಿಡಿ ರಿಂಗ್ ಸಿಗದಿದ್ದರೆ ಮುಚ್ಚಳವನ್ನೇ ಹೊಸದು ಕೊಂಡರೂ ನಷ್ಟವಿಲ್ಲ. ಹಾಕಿದ ಮೇಲೆ ಕೈಯಲ್ಲಿ ತಿರುಗಿಸಿದಷ್ಟೇ ಬಿಗಿ ಸಾಕು, ಸ್ಪ್ಯಾನರ್ ಪೆಟ್ಟಿಗೆಯಲ್ಲೇ ಇರಲಿ.