ಪಾಲಿನ ಅಂಗಡಿಗೊಂದು ಪತ್ರ ಬೇಕು



ಕಾಯಕವೆಂದೊಡನೆ ನೇಗಿಲು, ಮಗ್ಗ, ಕುಲುಮೆ ನಮ್ಮ ಕಣ್ಣಮುಂದೆ ಬರುತ್ತವೆ. ಅಂಗಡಿ, ಗಿರಣಿ, ಅಡತಿ ವ್ಯಾಪಾರಗಳೂ ಕಾಯಕವೇ ಆಗಿವೆ. ಶರಣರ ನಡುವೆ ಹಗ್ಗ ಹೊಸೆದು ಮಾರಿ ಬದುಕಿದ ನುಲಿಯ ಚಂದಯ್ಯನವರಿದ್ದರು. ಇಂದು ಹಳ್ಳಿಯ ಮನೆಗಳಲ್ಲಿ ಹೊಲ ಹಂಚಿ ಹಂಚಿ ಸಣ್ಣದಾಗಿದೆ. ಮಕ್ಕಳು ರೊಟ್ಟಿ ಮಾಡಿ ಮಾರುತ್ತಾರೆ, ಹಿಟ್ಟಿನ ಗಿರಣಿ ಹಾಕುತ್ತಾರೆ, ಬೀಜ-ಗೊಬ್ಬರದ ಅಂಗಡಿ ಇಡುತ್ತಾರೆ. ಅಂಗಡಿಯ ಪೂಜೆಗೆ ಕರೆಯಲು ಬಂದವರನ್ನು ಈಚೆಗೆ ನಾವು ಒಂದು ಮಾತು ಕೇಳುತ್ತೇವೆ: “ಅಂಗಡಿ ಯಾರದು?” ಬಹಳ ಮಂದಿ ತಬ್ಬಿಬ್ಬಾಗುತ್ತಾರೆ. “ನಮ್ಮದರೀ ಅಜ್ಜಾರ, ಮನಿಯವರದು” ಎನ್ನುತ್ತಾರೆ. ಮನೆಯವರಲ್ಲಿ ಯಾರದು ಎಂದು ಮತ್ತೆ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಈ ಪ್ರಶ್ನೆ ಕೇಳುವ ರೂಢಿ ನಮಗೆ ಬಂದದ್ದು ಒಂದು ಪಂಚಾಯಿತಿಯಿಂದ.

ಭಾವ-ಮೈದುನರಿಬ್ಬರು ಕೂಡಿ ಗೊಬ್ಬರದ ಅಂಗಡಿ ಇಟ್ಟಿದ್ದರು. ಭಾವ ನಾಲ್ಕು ಲಕ್ಷ ರೂಪಾಯಿ ಹಾಕಿದ್ದರು. ಮೈದುನ ಬಿಡಿಕಾಸನ್ನೂ ಹಾಕಿರಲಿಲ್ಲ. ಹನ್ನೊಂದು ವರ್ಷ ಬೆಳಗಿನಿಂದ ಕತ್ತಲಾಗುವವರೆಗೆ ಗಲ್ಲೆಯ ಮೇಲೆ ಕುಳಿತು ದುಡಿದಿದ್ದರು. ಪತ್ರವಿರಲಿಲ್ಲ. “ನೆಂಟರೊಳಗ ಕಾಗದ ಯಾಕರೀ” ಎಂದು ಇಬ್ಬರೂ ಹೇಳಿದವರೇ. ಒಂದು ಮುಂಗಾರಿನಲ್ಲಿ ಮೈದುನ ಹೃದಯಾಘಾತದಿಂದ ಲಿಂಗೈಕ್ಯರಾದರು. ಅಂಗಡಿಯ ಹೆಸರಿನಲ್ಲಿ ಅವರು ತಂದ ಮಾಲಿಗೆ ಸಗಟು ವ್ಯಾಪಾರಿಗೆ ಒಂಬತ್ತು ಲಕ್ಷ ಕೊಡುವುದಿತ್ತು. ಆ ವ್ಯಾಪಾರಿ ನೇರವಾಗಿ ಭಾವನ ಮನೆ ಬಾಗಿಲಿಗೆ ಬಂದ.

ಮಠದ ಪಡಸಾಲೆಯಲ್ಲಿ ಎರಡೂ ಕಡೆಯವರು ಕುಳಿತರು. “ನಾ ಹಾಕಿದ್ದು ನಾಕ ಲಕ್ಷ. ಅದು ಹೋದ್ರ ಹೋತು, ಅಲ್ಲಿಗೆ ನನ್ನ ಹೊಣಿ ತೀರ್ತಲ್ಲರೀ ಅಜ್ಜಾರ?” ಎಂದರು ಹಿರಿಯರು. ಗಂಡನನ್ನು ಕಳೆದುಕೊಂಡ ತಾಯಿ ಹದಿನಾರು ವರ್ಷದ ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, “ರೊಕ್ಕಕ್ಕ ಲೆಕ್ಕ ಐತಿ, ದುಡಿಮಿಗೆ ಲೆಕ್ಕ ಇಲ್ಲೇನರೀ?” ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ಭಕ್ತರಲ್ಲೇ ಒಬ್ಬ ವಕೀಲರನ್ನು ಕರೆಸಿದೆವು.

ಅವರು ಹೇಳಿದ್ದು ಇಬ್ಬರಿಗೂ ಹಿಡಿಸಲಿಲ್ಲ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಪಾಲುದಾರಿಕೆಗೆ ಪತ್ರವೇ ಬೇಕೆಂದಿಲ್ಲ; ಕೂಡಿ ವ್ಯಾಪಾರ ಮಾಡಿ ಲಾಭ ಹಂಚಿಕೊಂಡ ನಡತೆಯಿಂದಲೂ ಅದು ಸಿದ್ಧವಾಗುತ್ತದೆ. ಅಂಗಡಿಯ ಸಾಲಕ್ಕೆ ಪಾಲುದಾರರು ಎಲ್ಲರೂ ಕೂಡಿಯೂ ಹೊಣೆ, ಒಬ್ಬೊಬ್ಬರಾಗಿಯೂ ಹೊಣೆ. ಆದ್ದರಿಂದ ಸಗಟು ವ್ಯಾಪಾರಿ ಪೂರಾ ಒಂಬತ್ತು ಲಕ್ಷವನ್ನು ಭಾವನೊಬ್ಬರಿಂದಲೇ ಕೇಳಬಹುದು. ನಾಲ್ಕು ಲಕ್ಷಕ್ಕೆ ಮಿತಿ ಹಾಕುವ ಗೆರೆ ಎಲ್ಲಿಯೂ ಇಲ್ಲ. ತೀರಿಕೊಂಡವರ ಆಸ್ತಿಯೂ ಅವರ ಜೀವಿತಕಾಲದ ಆ ಸಾಲದಿಂದ ಪಾರಾಗುವುದಿಲ್ಲ. ಇನ್ನು ಲಾಭ-ಲುಕಸಾನಿನ ಪ್ರಮಾಣವನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಕಾಯ್ದೆ ಸಮಪಾಲು ಎನ್ನುತ್ತದೆ. ಹಣ ಹಾಕದ ಮೈದುನನಿಗೂ ಅರ್ಧ ಲಾಭ ಸಲ್ಲಬೇಕು, ಅರ್ಧ ಲುಕಸಾನೂ ಅವರ ಪಾಲಿಗೇ. ಲೆಕ್ಕ ತೀರಿಸುವ ಕ್ರಮವೂ ಇದೆ: ಮೊದಲು ಹೊರಗಿನವರ ಸಾಲ, ಆಮೇಲೆ ಪಾಲುದಾರರು ಅಂಗಡಿಗೆ ಕೈಗಡ ಕೊಟ್ಟಿದ್ದರೆ ಅದು, ಆಮೇಲೆ ಹಾಕಿದ ಬಂಡವಾಳ, ಉಳಿದದ್ದು ಹಂಚಿಕೆಗೆ.

ನೋಂದಣಿಯ ಮಾತು ಬಂತು. ಪಾಲುದಾರಿಕೆಯನ್ನು ನೋಂದಾಯಿಸಲೇಬೇಕೆಂಬ ಕಡ್ಡಾಯವಿಲ್ಲ. ಆದರೆ ನೋಂದಾಯಿಸದ ಅಂಗಡಿ ನಡೆಯುತ್ತಿರುವಾಗ, ಕರಾರಿನಂತೆ ಬರಬೇಕಾದ ಬಾಕಿಗೆ ಹೊರಗಿನವರ ಮೇಲೆ ದಾವೆ ಹಾಕುವಂತಿಲ್ಲ. ಹೊರಗಿನವರು ಮಾತ್ರ ಅಂಗಡಿಯ ಮೇಲೆ ಹಾಕಬಹುದು! ಪಾಲುದಾರಿಕೆ ಮುರಿದ ಮೇಲೆ ಲೆಕ್ಕ ಕೇಳುವ ಹಕ್ಕು ಉಳಿಯುತ್ತದೆ. ಬೇರೆ ಒಪ್ಪಂದವಿಲ್ಲದಿದ್ದರೆ ಒಬ್ಬ ಪಾಲುದಾರ ತೀರಿಕೊಂಡೊಡನೆ ಪಾಲುದಾರಿಕೆಯೂ ಮುರಿದಂತೆಯೇ. ಆ ತಾಯಿ ಲೆಕ್ಕ ಕೇಳಿದ್ದು ಭಿಕ್ಷೆಯಲ್ಲ, ಹಕ್ಕು.

ನೆಂಟರಲ್ಲಿ ಕಾಗದ ಮಾಡಿಸಿದರೆ ನಂಬಿಕೆಗೆ ಕುಂದು ಎಂದು ಹಿರಿಯರು ಹೇಳುತ್ತಾರೆ. ನಾವೂ ಹಿಂದೆ ಹಾಗೆ ಹೇಳಿದ್ದುಂಟು, ಅದು ನಮ್ಮ ತಪ್ಪು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಹಿಂದಿರುಗಿಸಿ ಬರಲು ಕಳಿಸಿದ ಕಥೆ ನಿಮಗೆಲ್ಲ ಗೊತ್ತು. ಆ ತಾಯಿಗೆ ಗಂಡನ ಮೇಲೆ ನಂಬಿಕೆ ಇರಲಿಲ್ಲವೇ? ನಂಬಿಕೆ ಇದ್ದ ಮನೆಯಲ್ಲೇ ಲೆಕ್ಕವೂ ಇತ್ತು.

ಒಬ್ಬರೇ ಯಜಮಾನರಾದ ಅಂಗಡಿಯಲ್ಲಿ ಪಾಲಿನ ಜಗಳವಿಲ್ಲ, ಸಾಲಕ್ಕೆ ಮಾತ್ರ ಮನೆ-ಹೊಲವೂ ಹೊಣೆ. ಅವಿಭಕ್ತ ಕುಟುಂಬದ ಅಂಗಡಿಯಾದರೆ ಇನ್ನೊಂದು ಮಾತನ್ನು ಹಿರಿಯರು ಮರೆಯಬಾರದು: 2005ರ ತಿದ್ದುಪಡಿಯ ತರುವಾಯ ಪಿತ್ರಾರ್ಜಿತದಲ್ಲಿ ಮಗಳೂ ಮಗನಂತೆಯೇ ಹಕ್ಕುದಾರಳು; ಕೊಟ್ಟ ಮನೆಗೆ ಹೋದಳೆಂದು ಆ ಹಕ್ಕು ಹೋಗುವುದಿಲ್ಲ. ಹೊಣೆಗೆ ಮಿತಿ ಬೇಕೆನ್ನುವವರಿಗೆ 2008ರ ಕಾಯ್ದೆಯಂತೆ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಇದೆ, 2013ರ ಕಂಪನಿ ಕಾಯ್ದೆಯಲ್ಲಿ ಒಬ್ಬರೇ ಕಟ್ಟಬಹುದಾದ ಕಂಪನಿಯೂ ಇದೆ. ಇವುಗಳಲ್ಲಿ ವ್ಯಾಪಾರದ ಸಾಲ ಸಾಮಾನ್ಯವಾಗಿ ಮನೆಯ ಹೊಸ್ತಿಲು ದಾಟುವುದಿಲ್ಲ. ಆದರೆ ಬ್ಯಾಂಕಿನವರು ಸಾಲ ಕೊಡುವಾಗ ವೈಯಕ್ತಿಕ ಜಾಮೀನಿಗೆ ಸಹಿ ಕೇಳುತ್ತಾರೆ. ಸಹಿ ಹಾಕಿದಿರೋ, ಅಷ್ಟರಮಟ್ಟಿಗೆ ಆ ಮಿತಿ ಹೋಯಿತು. ವರ್ಷ ವರ್ಷ ಲೆಕ್ಕಪತ್ರ ಸಲ್ಲಿಸುವ ಖರ್ಚೂ ಇದೆ. ಕಿರಾಣಿ ಅಂಗಡಿಗೆ ಅದು ಭಾರವೇ.

ಊರೆಲ್ಲ ಕೂಡಿ ಕಟ್ಟುವ ದಾರಿಯನ್ನು ನಮ್ಮ ಗದಗ ಸೀಮೆಯೇ ತೋರಿಸಿದೆ. 1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದಿತು. ಮರುವರ್ಷವೇ, 1905ರಲ್ಲಿ, ಕಣಗಿನಹಾಳದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಆ ಊರಿನ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿತು; ಏಷ್ಯಾದಲ್ಲೇ ಮೊದಲನೆಯದೆಂದು ಅದು ಹೆಸರಾಗಿದೆ. ಅಂದಿನ ಕಾಯ್ದೆಯಲ್ಲಿ ಗ್ರಾಮೀಣ ಸಂಘದ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿ ಇರಲಿಲ್ಲ. ಸಂಘದ ಸಾಲ ತೀರದಿದ್ದರೆ ಪಕ್ಕದ ಮನೆಯವನ ಹೊಲಕ್ಕೂ ಬಿಸಿ ತಟ್ಟುವುದು. ಹಾಗೆಂದೇ ಸಾಲ ಕೊಡುವಾಗ, ಈತ ದುಡಿಯುವವನೋ, ಮದುವೆಗೆ ಸುರಿಯುವವನೋ ಎಂದು ನೆರೆಹೊರೆಯವರೇ ನೋಡಬೇಕಾಗಿತ್ತು. ಹೊಣೆ ಏನೆಂಬುದು ಅವರಿಗೆ ಮುಂಚೆಯೇ ತಿಳಿದಿತ್ತು. ಗೊಬ್ಬರದ ಅಂಗಡಿಯ ಭಾವನಿಗೆ ತಿಳಿದದ್ದು ಸಾಲಗಾರ ಬಾಗಿಲಿಗೆ ಬಂದ ಮೇಲೆ. ಸಹಕಾರ ಸಂಘದಲ್ಲಿ ಇನ್ನೊಂದು ವಿಶೇಷವುಂಟು: ಷೇರು ಒಂದಿರಲಿ ನೂರಿರಲಿ, ಸದಸ್ಯನಿಗೆ ಒಂದೇ ಮತ. ಕಂಪನಿಯಲ್ಲಿ ಷೇರಿನ ತೂಕವೇ ಮತದ ತೂಕ. ರೊಟ್ಟಿ ಮಾಡುವ ಹತ್ತು ಹದಿನೈದು ತಾಯಂದಿರು ಕೂಡಿ ಬಂದರೆ ನಾವು ಈ ದಾರಿಯನ್ನೇ ಹೇಳುತ್ತೇವೆ.

ಆ ಪಂಚಾಯಿತಿಗೆ ಮರಳೋಣ. ಎರಡು ದಿನ ಕೀರ್ದಿ, ಖಾತೆ ಪುಸ್ತಕಗಳನ್ನು ಹರಡಿಕೊಂಡು ಕುಳಿತೆವು. ರೈತರಿಂದ ಬರಬೇಕಾದ ಉದ್ರಿಯೇ ಏಳು ಲಕ್ಷದಷ್ಟಿತ್ತು. ಸುಗ್ಗಿಯಾದ ಮೇಲೆ ಬಹುಪಾಲು ರೈತರು ತಾವಾಗಿ ತಂದುಕೊಟ್ಟರು. ತೀರಿಕೊಂಡವರು ಅಷ್ಟು ಮಂದಿಯ ವಿಶ್ವಾಸ ಗಳಿಸಿದ್ದರು. ದಾಸ್ತಾನು ಮಾರಿ, ಕಡಿಮೆ ಬಿದ್ದದ್ದನ್ನು ಎರಡೂ ಮನೆಯವರು ಸಮನಾಗಿ ಹಾಕಿ ಸಗಟು ವ್ಯಾಪಾರಿಯ ಬಾಕಿ ತೀರಿಸಿದರು. ಹಿರಿಯರ ನಾಲ್ಕು ಲಕ್ಷ ಪೂರ್ತಿ ಮರಳಲಿಲ್ಲ. ಅವರು ಒಂದು ವಾರ ಮಠಕ್ಕೆ ಬರಲಿಲ್ಲ. ಬಂದಾಗ, “ಅಂಗಡಿ ಮುಚ್ಚೂದು ಬ್ಯಾಡರೀ, ಆಕಿ ಕೂಡಲಿ” ಎಂದರು.

ಹೊಸ ಪಾಲುಪತ್ರ ಸಿದ್ಧವಾಯಿತು. ಬಂಡವಾಳ ಎಷ್ಟು, ದುಡಿಮೆಗೆ ತಿಂಗಳ ಸಂಬಳ ಎಷ್ಟು, ಲಾಭ ಹೇಗೆ, ಉದ್ರಿ ಮಾಲು ತರಲು ಯಾರ ಒಪ್ಪಿಗೆ ಬೇಕು, ಒಬ್ಬರು ಇಲ್ಲವಾದರೆ ಮುಂದೇನು, ಎಲ್ಲವನ್ನೂ ವಕೀಲರು ಗಟ್ಟಿಯಾಗಿ ಓದಿದರು. ಎರಡನೆಯ ಪುಟಕ್ಕೆ ಬಂದಾಗ ಆ ತಾಯಿ ತಡೆದು, “ನನ್ನ ಮಗಳ ಹೆಸರು ಯಾಕಿಲ್ಲರೀ?” ಎಂದು ಕೇಳಿದರು. ವಕೀಲರು ನಕ್ಕು ಬಿಡಿಸಿ ಹೇಳಿದರು: ಹದಿನೆಂಟು ತುಂಬದವರು ಪಾಲುದಾರರಾಗುವಂತಿಲ್ಲ, ಎಲ್ಲ ಪಾಲುದಾರರು ಒಪ್ಪಿದರೆ ಲಾಭಕ್ಕೆ ಮಾತ್ರ ಸೇರಿಸಬಹುದು, ಆಕೆಯ ಸ್ವಂತ ಆಸ್ತಿಗೆ ಹೊಣೆ ಬರುವುದಿಲ್ಲ. ವಯಸ್ಸು ತುಂಬಿದ ಆರು ತಿಂಗಳೊಳಗೆ ಇರುತ್ತೇನೋ ಬಿಡುತ್ತೇನೋ ಎಂದು ಆಕೆ ಬಹಿರಂಗ ನೋಟಿಸು ಕೊಡಬೇಕು. ಸುಮ್ಮನಿದ್ದರೆ ಪಾಲುದಾರಳೆಂದೇ ಲೆಕ್ಕ. ಹಿರಿಯರು ಹುಡುಗಿಯತ್ತ ನೋಡಿ, “ಹಾಕರೀ ಆಕಿ ಹೆಸರು” ಎಂದರು. ಬೆರಳಚ್ಚಿನವರು ಆ ಪುಟವನ್ನು ಮತ್ತೆ ಹೊಡೆದುಕೊಟ್ಟರು.