ತಪ್ಪು ಮಾಡಿದವರಿಗೆ ಮತ್ತೆ ಜಾಗ

ಹೈದರಾಬಾದಿನ ಉಪ್ಪಲ್ ಕ್ರೀಡಾಂಗಣದಲ್ಲಿ 2024ರ ಜನವರಿ 25ರಂದು ಭಾರತ–ಇಂಗ್ಲೆಂಡ್ ಟೆಸ್ಟ್ ಪಂದ್ಯ ಶುರುವಾಯಿತು. ಇಂಗ್ಲೆಂಡಿನ 24 ವರ್ಷದ ಸ್ಪಿನ್ನರ್ ಟಾಮ್ ಹಾರ್ಟ್ಲಿಗೆ ಅದು ಮೊದಲ ಟೆಸ್ಟ್. ಅವರು ಎಸೆದ ಮೊದಲ ಚೆಂಡನ್ನೇ ಯಶಸ್ವಿ ಜೈಸ್ವಾಲ್ ಸಿಕ್ಸರ್‌ಗೆ ಎತ್ತಿದರು. ದಿನ ಮುಗಿಯುವಾಗ ಅವರ ಲೆಕ್ಕ 9 ಓವರ್, 63 ರನ್, ವಿಕೆಟ್ ಒಂದೂ ಇಲ್ಲ.

ನೀವು ನಾಯಕರಾಗಿದ್ದರೆ ಏನು ಮಾಡುತ್ತಿದ್ದಿರಿ? ಬಹುಶಃ ಮೂರು ಓವರ್ ಆದ ಮೇಲೆ ಚೆಂಡು ಕಿತ್ತುಕೊಳ್ಳುತ್ತಿದ್ದಿರಿ. ನಮ್ಮ ಕಮಿಟಿಗಳಲ್ಲೂ ನಡೆಯೋದು ಹೀಗೇ ಅಲ್ವಾ? ಒಬ್ಬ ಹುಡುಗ ಇಫ್ತಾರ್‌ನ ಲೆಕ್ಕ ತಪ್ಪಿಸಿದ, ನೂರು ಜನಕ್ಕೆ ಊಟ ಕಡಿಮೆ ಬಿತ್ತು. ಮರುವರ್ಷ ಅವನನ್ನು ಯಾರೂ ಕರೆಯೋದಿಲ್ಲ. ಬೈದಿರೋದಿಲ್ಲ, ಜಗಳವೂ ಆಗಿರೋದಿಲ್ಲ. ಸುಮ್ಮನೆ ಅವನ ಜಾಗ ಇಲ್ಲವಾಗಿರುತ್ತದೆ.

ಉಪ್ಪಲ್‌ನಲ್ಲಿ ನಾಯಕ ಬೆನ್ ಸ್ಟೋಕ್ಸ್ ಹಾಗೆ ಮಾಡಲಿಲ್ಲ. ಹೊಡೆತ ತಿನ್ನುತ್ತಿದ್ದ ಹುಡುಗನ ಕೈಗೇ ಮತ್ತೆ ಮತ್ತೆ ಚೆಂಡು ಕೊಟ್ಟರು. ಈ ಪಂದ್ಯದಲ್ಲಿ ಮುಂದೆಯೂ ಇವರ ಕೆಲಸ ಬೀಳುತ್ತದೆ, ಆದ್ದರಿಂದ ಈಗ ದೂರ ಮಾಡಬಾರದು ಎಂಬುದೇ ತಮ್ಮ ಲೆಕ್ಕವಾಗಿತ್ತು ಎಂದು ಅವರು ಪಂದ್ಯದ ನಂತರ ವಿವರಿಸಿದರು. ಮೊದಲ ಇನ್ನಿಂಗ್ಸ್‌ನಲ್ಲಿ ಹಾರ್ಟ್ಲಿ 131 ರನ್ ಕೊಟ್ಟು ಎರಡು ವಿಕೆಟ್ ಪಡೆದರು. ಅಷ್ಟರಲ್ಲಿ ಅನುಭವಿ ಸ್ಪಿನ್ನರ್ ಜ್ಯಾಕ್ ಲೀಚ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡಿದ್ದರು. ನಾಲ್ಕನೇ ದಿನ ಭಾರತಕ್ಕೆ ಗುರಿ 231. ಹಾರ್ಟ್ಲಿ 62 ರನ್ನಿಗೆ 7 ವಿಕೆಟ್ ಕಿತ್ತರು. 190 ರನ್ ಹಿನ್ನಡೆಯಲ್ಲಿದ್ದ ತಂಡ 28 ರನ್‌ಗಳಿಂದ ಗೆದ್ದಿತು. ಕೊನೆಯ ವಿಕೆಟ್ ಹೈದರಾಬಾದಿನವರೇ ಆದ ಸಿರಾಜ್ ಅವರದು. ಮೊದಲ ದಿನವೇ ಧೈರ್ಯ ಕುಗ್ಗಿಸಿ ಕೂರಿಸಿದ್ದರೆ ನಾಲ್ಕನೇ ದಿನ ಆ ಹುಡುಗ ಎಲ್ಲಿಂದ ಸಿಗುತ್ತಿದ್ದ?

ಆಟದ ಮಾತು ಹಾಗಿರಲಿ, ಜೀವಗಳೇ ಹೋದ ತಪ್ಪಿನ ಪ್ರಸಂಗವೂ ನಮ್ಮ ಚರಿತ್ರೆಯಲ್ಲಿದೆ. ಹಿಜರಿ 3ರ (ಕ್ರಿ.ಶ. 625) ಉಹುದ್ ಯುದ್ಧದಲ್ಲಿ ಪ್ರವಾದಿ(ಸ)ರು 50 ಬಿಲ್ಲುಗಾರರನ್ನು ಗುಡ್ಡದ ಮೇಲೆ ನಿಲ್ಲಿಸಿ, ಗೆದ್ದರೂ ಸೋತರೂ ಜಾಗ ಬಿಡಬೇಡಿ ಎಂದಿದ್ದರು. ಶತ್ರು ಓಡುವುದನ್ನು ಕಂಡು ಹೆಚ್ಚಿನವರು ಕೆಳಗಿಳಿದರು. ಹಿಂದಿನಿಂದ ದಾಳಿಯಾಯಿತು. ಸುಮಾರು 70 ಮಂದಿ ಹುತಾತ್ಮರಾದರು, ಸ್ವತಃ ಪ್ರವಾದಿ(ಸ)ರೇ ಗಾಯಗೊಂಡರು.

ಇದಾದ ಮೇಲೆ ಕುರ್‌ಆನ್ ಹೇಳಿದ್ದೇನು? ಆಲಿ ಇಮ್ರಾನ್ ಅಧ್ಯಾಯದ 152ನೇ ವಚನ ತಪ್ಪನ್ನು ಮುಚ್ಚಿಡುವುದಿಲ್ಲ. ನೀವು ತರ್ಕಿಸಿದಿರಿ, ಆಜ್ಞೆ ಮೀರಿದಿರಿ ಎಂದು ನೇರವಾಗಿ ಹೇಳುತ್ತದೆ. ಆದರೆ ತಪ್ಪಿದವರ ಹೆಸರು ಹೇಳುವುದಿಲ್ಲ. 159ನೇ ವಚನದಲ್ಲಿ ಪ್ರವಾದಿ(ಸ)ರಿಗೆ ಬರುವ ಆದೇಶದ ಸಾರ ಇಷ್ಟು: ಅವರನ್ನು ಮನ್ನಿಸಿ, ಅವರಿಗಾಗಿ ಕ್ಷಮೆ ಬೇಡಿ, ಕೆಲಸಕಾರ್ಯಗಳಲ್ಲಿ ಅವರೊಡನೆ ಸಮಾಲೋಚಿಸಿ.

ಆ ಮೂರನೆಯ ಮಾತನ್ನು ಗಮನಿಸಿ. ಮಾಫಿ ಕೊಡೋದು ನಮಗೂ ಬರುತ್ತದೆ. ‘ಹೋಗ್ಲಿ ಬಿಡಪ್ಪ’ ಅಂದರೆ ಮುಗಿಯಿತು. ಆದರೆ ಅದೇ ಜನರನ್ನು ಮತ್ತೆ ಮಶ್ವರಾಕ್ಕೆ ಕೂರಿಸಿಕೊಳ್ಳೋದು ಕಷ್ಟ. ಯುದ್ಧಕ್ಕೆ ಮದೀನಾದ ಹೊರಗೆ ಹೋಗಬೇಕೆಂಬುದು ಅನೇಕ ಸಹಾಬಿಗಳ ಸಲಹೆಯಾಗಿತ್ತು, ಒಳಗೇ ಇರೋಣವೆಂಬುದು ಪ್ರವಾದಿ(ಸ)ರ ಒಲವಾಗಿತ್ತು ಎಂಬುದನ್ನೂ ನೆನಪಿಡಿ. ಅಷ್ಟಾದರೂ ಸಮಾಲೋಚನೆ ನಿಲ್ಲಲಿಲ್ಲ.

ಹಾಗಂತ ಎಲ್ಲವನ್ನೂ ತಪ್ಪು ಎಂದು ಮನ್ನಿಸಲಾಗದು. ಝಕಾತ್ ಹಣ ನುಂಗಿದ್ದು ತಪ್ಪಲ್ಲ, ದ್ರೋಹ. ಅಂಥವರ ಕೈಗೆ ಮತ್ತೆ ಹಣ ಕೊಡುವುದು ಬಡವರಿಗೆ ಮಾಡುವ ಅನ್ಯಾಯ. ನಾಯಕನಾದವನು ಮೊದಲು ಈ ವ್ಯತ್ಯಾಸ ಗುರುತಿಸಬೇಕು. ಅವಸರ, ಅನನುಭವ, ಮರೆವಿನಿಂದ ಆದದ್ದಾದರೆ ಏನಾಯಿತೆಂದು ಎಲ್ಲರೆದುರು ಮಾತಾಡಿ, ಯಾರಿಂದ ಆಯಿತೆಂಬುದನ್ನು ಅವರೊಬ್ಬರ ಹತ್ತಿರ ಮಾತ್ರ ಹೇಳಿ. ಆಮೇಲೆ ಅದೇ ಜವಾಬ್ದಾರಿಯನ್ನು, ಬೇಕಿದ್ದರೆ ಜೊತೆಗೊಬ್ಬರನ್ನು ಕೊಟ್ಟು, ಮತ್ತೆ ಅವರಿಗೇ ಒಪ್ಪಿಸಿ.

ವಿದ್ಯಾರ್ಥಿಗಳೇ, ಕಾಲೇಜಿನ ತಂಡವಿರಲಿ, ಮಸೀದಿಯ ಕಮಿಟಿಯಿರಲಿ, ಮುಂದಿನ ಸಭೆಗೆ ಮುನ್ನ ಕಳೆದ ವರ್ಷದ ಪಟ್ಟಿ ತೆಗೆದು ನೋಡಿ. ಅದರಲ್ಲಿದ್ದು ಈ ವರ್ಷ ಕಾಣದ ಹೆಸರುಗಳು ಯಾವುವು? ಒಂದು ತಪ್ಪಿನ ನಂತರ ಮಾಯವಾದ ಹೆಸರಿದ್ದರೆ, ಇವತ್ತೇ ಒಂದು ಫೋನ್ ಮಾಡಿ.